ನೋಯಿಸದ ಕೈ

ಕೊಟ್ಟೂರಿನ ನಮ್ಮ ಮನೆಯಿಂದ ಆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ದಾರಿಯಲ್ಲಿ ಬೇರೆ ಆಸ್ಪತ್ರೆಗಳೂ ಸಿಕ್ಕವು. ಪ್ರತಿಯೊಂದರ ಮುಂದೆಯೂ ಕಾರು ನಿಧಾನ ಮಾಡುತ್ತಿದ್ದ ಅಳಿಯನಿಗೆ ನಾನು ಹಿಂದಿನ ಸೀಟಿನಲ್ಲಿ ಅಡ್ಡಾಗಿಕೊಂಡೇ, "ಇಲ್ಲಿ ಬ್ಯಾಡಪ, ಮುಂದ ನಡೀಲಿ" ಅನ್ನುತ್ತಿದ್ದೆ. ಬಲಪಾದ ಊದಿ ಚಪ್ಪಲಿಯೊಳಗೆ ಹಿಡಿಸದಂತಾಗಿತ್ತು. ಮೈ ಸುಡುತ್ತಿತ್ತು. ಹೆಂಡತಿ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆದರೂ ನನಗೆ ಧೈರ್ಯವಿತ್ತು. ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ನಮ್ಮ ಹುಡುಗಿ ನರ್ಸಾಗಿದ್ದಳು.

ಅದು ಯಾವ ಊರಿನ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವುಗಳಲ್ಲಿ ಒಂದು ಎಂದುಕೊಳ್ಳಿ. ಕಂಡಕ್ಟರನಾಗಿ ಈ ಊರುಗಳ ಹೆಸರನ್ನು ನಾನು ಕೂಗಿದಷ್ಟು ಬೇರೆ ಯಾರೂ ಕೂಗಿರಲಿಕ್ಕಿಲ್ಲ. ಈಗ ಅವುಗಳಲ್ಲಿ ಒಂದನ್ನು ಬಾಯಲ್ಲಿ ಎತ್ತಲು ಮನಸ್ಸಾಗುವುದಿಲ್ಲ.

ನಮ್ಮ ಕಡೆ ಆಸ್ಪತ್ರೆ ಆರಿಸುವುದು ಒಂದೇ ಪ್ರಶ್ನೆಯಿಂದ. "ಅಲ್ಲಿ ನಮ್ಮೋರು ಯಾರ್ ಅದಾರ?" ಡಾಕ್ಟರು ಏನು ಓದಿದ್ದಾರೆ, ಅಲ್ಲಿ ಯಾವ ಯಂತ್ರವಿದೆ, ಅವೆಲ್ಲ ಆಮೇಲಿನ ಮಾತು. ಗೇಟಿನಲ್ಲಿ ಕೂತ ವಾಚ್‌ಮನ್ ದೂರದ ಬೀಗನಾದರೂ ಸಾಕು, ಅದೇ ನಮಗೆ ದೊಡ್ಡಾಸ್ಪತ್ರೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಒಳಗೆ ನಮ್ಮವರೊಬ್ಬರು ಇಲ್ಲದಿದ್ದರೆ ರೋಗಿಯನ್ನು ಯಾವ ಹಾಸಿಗೆಗೆ ಹಾಕುತ್ತಾರೆ, ಎಷ್ಟು ಹೊತ್ತು ಕಾಯಿಸುತ್ತಾರೆ ಎಂಬುದನ್ನು ಕಂಡವರು ನಾವು. ಪರಿಚಯವೇ ನಮ್ಮ ಅರ್ಧ ಔಷಧಿ.

ನಮ್ಮ ಹುಡುಗಿ ಎಂದೆನಲ್ಲ, ಆಕೆ ಕಾನಹೊಸಹಳ್ಳಿ ಕಡೆಯ ಹಳ್ಳಿಯವಳು. ಕೊಟ್ಟೂರಿನಲ್ಲಿ ನರ್ಸಿಂಗ್ ಕಲಿಯುವಾಗ ಬೆಳಗಿನ ನನ್ನ ಬಸ್ಸಿಗೇ ಬರುತ್ತಿದ್ದಳು. ಬಸ್ಸು ಹೊರಡುವ ಹೊತ್ತಿಗೆ ದೂರದಲ್ಲಿ ಬಿಳಿ ಕೋಟು ಕೈಯಲ್ಲಿ ಹಿಡಿದು ಓಡಿ ಬರುವ ಹುಡುಗಿ ಕಾಣುತ್ತಿದ್ದಳು. ನಾನು ಸೀಟಿ ಊದುತ್ತಿರಲಿಲ್ಲ. ಡ್ರೈವರು ಗೊಣಗುತ್ತಿದ್ದ, ಕೂತವರು ಗೊಣಗುತ್ತಿದ್ದರು. "ಪರೀಕ್ಷೆ ಐತಿ ಅಕೀಗೆ, ಸ್ವಲ್ಪ ತಡೀರಿ" ಎಂದು ನಾನೇ ಸುಳ್ಳು ಹೇಳುತ್ತಿದ್ದೆ. ಹತ್ತಿ ಬಂದವಳು ಏದುಸಿರು ಬಿಡುತ್ತ "ಥ್ಯಾಂಕ್ಸ್ ಕಾಕಾ" ಅಂದರೆ ಸಾಕು, ನನಗೆ ಅಂದಿನ ದಿನ ಚೆನ್ನಾಗಿ ಹೋಗುತ್ತಿತ್ತು. ನನಗಿರುವುದು ಒಬ್ಬಳೇ ಮಗಳು, ಆಗಲೇ ಮದುವೆಯಾಗಿ ಹೋಗಿದ್ದಳು. ಹೀಗೆ ಈ ಹುಡುಗಿ ನಮ್ಮ ಹುಡುಗಿಯಾದಳು. ಆಕೆಗೆ ಕೆಲಸ ಸಿಕ್ಕಾಗ ಪೇಢೆ ತಂದು ಬಸ್ಸಿನಲ್ಲೇ ಕೊಟ್ಟಿದ್ದಳು.

ಕಾಲಿಗೆ ಆದದ್ದು ಒಂದು ಮುಳ್ಳು, ಅಷ್ಟೇ. ಮೈಲಾರಕ್ಕೆ ಹೋಗಿ ಬರುವಾಗ ರಸ್ತೆ ಬದಿಗೆ ಇಳಿದಿದ್ದೆ. ಹಾಳು ಬಳ್ಳಾರಿ ಜಾಲಿಯ ಮುಳ್ಳು ರಬ್ಬರು ಚಪ್ಪಲಿಯನ್ನು ದಾಟಿ ಅಂಗಾಲಿಗೆ ಹೊಕ್ಕಿತ್ತು. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ಅಂಗಾಲಿನ ಚರ್ಮ ಜೋಮು ಹಿಡಿದಂತಿರುತ್ತದೆ. ನನಗೆ ತಿಳಿಯಲೇ ಇಲ್ಲ. ನೆಲದ ಮೇಲೆ ಕೀವಿನ ಕಲೆ ಕಂಡು ಹೆಂಡತಿಯೇ ಕಾಲೆತ್ತಿಸಿ ನೋಡಿ ಬಾಯಿ ಬಡಿದುಕೊಂಡಳು.

ಆಸ್ಪತ್ರೆಯ ಬಾಗಿಲಲ್ಲೇ ನಮ್ಮ ಹುಡುಗಿ ಸಿಕ್ಕಳು. "ಕಾಕಾ! ಏನ್ ಮಾಡ್ಕೊಂಡ್ರಿ ಕಾಲಿಗೆ? ನಾ ಇಲ್ಲೇ ಅದೀನಲ್ಲ, ಅಂಜಬ್ಯಾಡ್ರಿ" ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಕಿಟಕಿ ಪಕ್ಕದ ಹಾಸಿಗೆ, ತೊಳೆದ ಚಾದರ, ಹೆಂಡತಿಗೆ ಕೂರಲು ಕುರ್ಚಿ, ಎಲ್ಲವೂ ಆಕೆಯಿಂದಲೇ ಆಯಿತು. ನಾನು ಹೆಂಡತಿಯ ಕಡೆ ನೋಡಿದೆ. "ನಾ ಹೇಳಿರ್ಲಿಲ್ಲೇನು?" ಎಂಬ ನೋಟ ಅದು.

ಆ ಆಸ್ಪತ್ರೆಯಲ್ಲಿ ಸರ್ಜನ್ ಇರುತ್ತಿರಲಿಲ್ಲ. ದಾವಣಗೆರೆ ಕಡೆಯಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಅವರು ನನ್ನ ಗಾಯ ಕೊಯ್ದು, ಕೀವು ತೆಗೆದು, ಒಳಗೆ ಗಾಜ್ ಎಂಬ ತೆಳು ಬಟ್ಟೆ ತುಂಬಿ, ಬಾಗಿಲ ಹತ್ತಿರ ನಿಂತು ನರ್ಸುಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿ ಹೊರಟುಹೋದರು. ಹೇಳಿದ್ದು ನನ್ನ ಕಾಲಿನ ವಿಷಯ. ನನಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಮರುದಿನ ಡ್ರೆಸ್ಸಿಂಗ್ ಮಾಡಲು ಬಂದದ್ದು ಬೇರೆ ನರ್ಸು. ಗಟ್ಟಿ ಹೆಂಗಸು, ನಲವತ್ತರ ಮೇಲಿನ ವಯಸ್ಸು, ಬಂದವಳು ನನ್ನ ಮುಖವನ್ನೇ ನೋಡಲಿಲ್ಲ. ಟ್ರೇ ಇಟ್ಟು, ಪಟ್ಟಿ ಬಿಚ್ಚಿ, ಇಕ್ಕಳ ಹಾಕಿ ಗಾಯದ ಒಳಗಿನ ಬಟ್ಟೆ ಎಳೆದಳು. ಮೇಲಿನ ಚರ್ಮಕ್ಕೆ ಸ್ಪರ್ಶವಿರಲಿಲ್ಲ, ಒಳಗೆ ಜೀವವಿತ್ತು. ನಾನು ಕೂಗಿದ ಕೂಗಿಗೆ ಹೊರಗಿನ ಬೆಂಚಿನವರು ಎದ್ದು ಬಂದರು. "ಸುಮ್ನಿರ್ರಿ ಯಜಮಾನ್ರ, ಸಣ್ ಹುಡುಗ್ರಗತೆ ಮಾಡಬ್ಯಾಡ್ರಿ" ಅಂದಳು. ತೊಳೆದಳು, ಉಜ್ಜಿದಳು, ಹೊಸ ಬಟ್ಟೆ ಒಳಗೆ ತುರುಕಿದಳು. ಅಷ್ಟು ಜನರ ಮುಂದೆ ನನ್ನನ್ನು ಸಣ್ಣ ಹುಡುಗ ಅಂದಳಲ್ಲ, ಆ ನೋವು ಬೇರೆ. ತುಂಬಿದ ಬಸ್ಸಿನಲ್ಲಿ ಕುಡಿದು ಬಂದವರನ್ನು ಇಳಿಸಿದ ಮನುಷ್ಯ ನಾನು.

ಸಂಜೆ ನಮ್ಮ ಹುಡುಗಿ ಬಂದಾಗ ಹೇಳಿಬಿಟ್ಟೆ. "ಆ ರಾಕ್ಷಸಿ ಕೈಗೆ ನನ್ನ ಕಾಲು ಕೊಡಂಗಿಲ್ಲ. ಮಾಡೋದಾದ್ರ ನೀ ಮಾಡವ್ವ."

"ಆತ್ ಬಿಡ್ರಿ ಕಾಕಾ. ನಾನ ಮಾಡ್ತೀನಿ" ಅಂದಳು.

ಮಾರನೆಯ ದಿನದಿಂದ ಆಕೆಯೇ ಮಾಡಿದಳು. ನಾನು ಹಲ್ಲು ಕಚ್ಚಿ ಹಿಡಿದು ಕೂತಿದ್ದರೆ, "ಆತು ಕಾಕಾ" ಎಂಬ ಮಾತು ಬಂತು. ಏನು? ಆಗೇ ಹೋಯಿತೇ? ಕಣ್ಣು ಬಿಟ್ಟು ನೋಡಿದರೆ ಕಾಲಿಗೆ ಬೆಳ್ಳಗಿನ ಹೊಸ ಪಟ್ಟಿ. ಎಳ್ಳಷ್ಟೂ ನೋವಿಲ್ಲ. ಮಾತಾಡುತ್ತ ಮಾತಾಡುತ್ತ ಮುಗಿಸಿಬಿಟ್ಟಿದ್ದಳು. ತನ್ನ ಊರಿನ ಮಾತು, ಹಳೇ ಬಸ್ಸಿನ ಮಾತು, ನನ್ನ ಮಗಳು ಹೇಗಿದ್ದಾಳೆಂಬ ಮಾತು.

"ಕೈಗುಣ ಅಂದ್ರ ಇದು ನೋಡ್ರಿ" ಅಂದ ಪಕ್ಕದ ಹಾಸಿಗೆಯ ಅಜ್ಜ. ಹಂಪಸಾಗರದ ಕಡೆಯ ಕುರಿ ಸಾಕುವ ಮನುಷ್ಯ, ಜಾರಿಬಿದ್ದು ತೊಡೆ ಮುರಿದುಕೊಂಡಿದ್ದ. "ನನಗ ಸೂಜಿ ಚುಚ್ಚಿದ್ದ ತಿಳೀಲಿಲ್ಲ. ಆ ಇನ್ನೊಬ್ಬಾಕಿ ಬಂದ್ರ ಕುರಿಗೆ ಚುಚ್ಚಿದಂಗ ಚುಚ್ಚತಾಳ."

ಕೈಗುಣ ಎಂಬುದನ್ನು ನಾವು ಹಗುರವಾಗಿ ಆಡುವುದಿಲ್ಲ. ಇಂಥವರ ಕೈಯಿಂದ ಗುಳಿಗೆ ತಗೊಂಡರೆ ಜ್ವರ ಇಳಿಯುತ್ತದೆ, ಅಂಥವರ ಕೈಯಿಂದ ತಗೊಂಡರೆ ಇಳಿಯುವುದಿಲ್ಲ. ಗುಳಿಗೆ ಒಂದೇ ಇರಬಹುದು, ಕೈ ಬೇರೆ. ಡಾಕ್ಟರುಗಳಿಗೂ ಈ ಲೆಕ್ಕ ಉಂಟು, ಕಾಂಪೌಂಡರಿಗೂ ಉಂಟು. ಮಾತು ಅಜ್ಜನದಾದರೂ ಆ ವಾರ್ಡಿನಲ್ಲಿ ನಮ್ಮ ಹುಡುಗಿಗೆ ಕೈಗುಣದ ಪಟ್ಟ ಕಟ್ಟಿದವನು ನಾನು.

ಆಸ್ಪತ್ರೆಯವರಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಹಾಸಿಗೆಯಲ್ಲಿ ಮಲಗಿದವನಿಗೆ ಬೇರೆ ಕೆಲಸವಿರುವುದಿಲ್ಲ. ಅವನು ಬೆಳಗಿನಿಂದ ಸಂಜೆಯವರೆಗೆ ನರ್ಸುಗಳನ್ನೇ ನೋಡುತ್ತಿರುತ್ತಾನೆ. ಕರೆದರೆ ಯಾರು ಬರುತ್ತಾಳೆ, ಯಾರು ಕಿವುಡಿಯಾಗುತ್ತಾಳೆ. ನರ ಒಂದೇ ಸಲಕ್ಕೆ ಯಾರಿಗೆ ಸಿಗುತ್ತದೆ, ಯಾರು ಕೈಯನ್ನು ಜರಡಿ ಮಾಡುತ್ತಾಳೆ. ಯಾರು ಬಿ.ಪಿ. ನೋಡುವಾಗ ಮುಖವನ್ನೂ ನೋಡುತ್ತಾಳೆ. ಬಂದ ನೆಂಟರ ಮುಂದೆ ಯಾರು ಬೈಯುತ್ತಾಳೆ. ಸಂಜೆಯ ಚಹಾದ ಹೊತ್ತಿಗೆ ವಾರ್ಡಿನಲ್ಲಿ ಇದೇ ಪಂಚಾಯಿತಿ, ಇದೇ ತೀರ್ಪು. ನಾವು ದಡ್ಡರಲ್ಲ, ಕಂಡದ್ದನ್ನು ಸರಿಯಾಗಿಯೇ ಕಂಡಿದ್ದೆವು. ಆದರೆ ಗಾಯ ಇದ್ದದ್ದು ನನ್ನ ಅಂಗಾಲಿನಲ್ಲಿ. ಮಲಗಿದ ಕಡೆಯಿಂದ ಅದು ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಿಳಿ ಪಟ್ಟಿ ಮತ್ತು ಆ ಹುಡುಗಿಯ ನಗುಮುಖ.

ಬಂದವರಿಗೆಲ್ಲ ಕಾಲು ಎತ್ತಿ ತೋರಿಸಿದೆ. ಹಳೇ ಡ್ರೈವರು ಬಂದ, ಬೀಗರು ಬಂದರು, ಓಣಿಯವರು ಬಂದರು. "ಹೂವಿನಂಥ ಕೈ ರೀ, ಡ್ರೆಸ್ಸಿಂಗ್ ಆದದ್ದ ಗೊತ್ತಾಗಂಗಿಲ್ಲ" ಎಂದು ಎಲ್ಲರಿಗೂ ಹೇಳಿದೆ. ಆಸ್ಪತ್ರೆಯ ಯಜಮಾನ ಡಾಕ್ಟರು ಒಂದು ಸುತ್ತು ಬಂದಾಗ ಅವರಿಗೂ ಹೇಳಿದೆ. "ಸಾರ್, ಇಂಥಾ ಹುಡುಗಿ ಒಬ್ಬಾಕಿ ಇದ್ರ ಸಾಕು, ನಿಮ್ಮ ದವಾಖಾನಿ ಹೆಸರು ದಾವಣಗೆರಿ ತನಕ ಹೋಗ್ತೈತಿ." ಅವರು ನಕ್ಕು ಆಕೆಯ ಬೆನ್ನು ತಟ್ಟಿದರು. ಅವಳ ಮುಖ ಅರಳಿತು. ಆ ಮುಖ ನೋಡಿ ನನಗೆ ಮಗಳು ಪಾಸಾದಷ್ಟು ಖುಷಿಯಾಯಿತು. ಆಮೇಲೆ ಬೇರೆ ವಾರ್ಡಿನವರೂ "ಆ ಕೈಗುಣದ ಸಿಸ್ಟರ್ ಬರ್ಲಿ" ಎಂದು ಕೇಳತೊಡಗಿದರು.

ಆ ಗಟ್ಟಿ ನರ್ಸು ನನ್ನ ಹಾಸಿಗೆ ದಾಟಿ ಹೋಗುವಾಗ ಒಂದೆರಡು ಸಲ ನಿಂತು ಕಾಲಿನ ಕಡೆ ನೋಡಿದ್ದುಂಟು. ನಾನು ಮುಖ ತಿರುಗಿಸಿದೆ. ಅವಳೂ ಮೂಗು ಮುರಿದು ಹೋದಳು.

ಮೊದಲು ಅನುಮಾನ ಬಂದದ್ದು ಹೆಂಡತಿಗೆ. "ಏನೋ ವಾಸನಿ ಬರಾಕತ್ತೈತ್ರಿ" ಅಂದಳು.

"ದವಾಖಾನಿ ಅಂದಮ್ಯಾಲೆ ವಾಸನಿ ಬರ್ದ ಮಲ್ಲಿಗಿ ಬರ್ತೈತೇನು?" ಅಂದೆ.

"ದವಾಖಾನಿ ವಾಸನಿ ಅಲ್ರೀ. ಪಟ್ಟಿ ಒಳಗಿಂದ ಬರಾಕತ್ತೈತಿ."

ಅಜ್ಜ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ. ನಮ್ಮ ಹುಡುಗಿ ಬಂದಾಗ ಹೆಂಡತಿ ನೇರವಾಗಿ ಕೇಳಿದಳು. "ಏನವ್ವಾ, ಗಾಯ ಮಾಯಾಕತ್ತೈತೇನು? ವಾಸನಿ ಯಾಕ ಬರ್ತೈತಿ?" ಆಕೆ ಪಟ್ಟಿಯ ಮೇಲೆ ಕೈಯಾಡಿಸಿ, "ಔಷಧದ್ದು ರೀ ಕಾಕಿ, ಹಂಗ ಇರ್ತೈತಿ. ಒಳಗ ಚಲೋ ಆಗಾಕತ್ತೈತಿ" ಅಂದಳು. ಹಾಗೆ ಅನ್ನುವಾಗ ನಗುತ್ತಲೇ ಇದ್ದಳು. ಈ ಒಂದು ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೋ. ಒಳಗೆ ನೋಡಿದ್ದರೆ ತಾನೇ ಚಲೋ ಆಗುತ್ತಿದೆಯೋ ಇಲ್ಲವೋ ಹೇಳುವುದು?

ಸರ್ಜನ್ ಬರಬೇಕಾಗಿದ್ದ ವಾರ ಬರಲಿಲ್ಲ, ಏನೋ ಕೆಲಸವಂತೆ. ಡ್ಯೂಟಿ ಡಾಕ್ಟರು ಹಾಸಿಗೆಯ ಕಾಲ ಬಳಿ ನಿಂತು "ಡ್ರೆಸ್ಸಿಂಗ್ ಆಯ್ತಾ?" ಎಂದು ಕೇಳುತ್ತಿದ್ದರು. "ಆತ್ರಿ ಸರ್" ಎಂಬ ಉತ್ತರ ಕೇಳಿ, ಬಿಳಿ ಪಟ್ಟಿ ನೋಡಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ನನಗೆ ಮತ್ತೆ ಚಳಿಜ್ವರ ಬಂತು. ಊಟ ಸೇರಲಿಲ್ಲ. ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿದೆ ಎಂದು ಹೆಂಡತಿ ಅತ್ತಳು. ಅಳಿಯ ಫೋನಿನ ಮೇಲೆ ಫೋನು ಮಾಡಿ ಗಲಾಟೆ ಮಾಡಿದ ಮೇಲೆ ಸರ್ಜನ್ ಬಂದರು.

ಅವರು ಬಂದದ್ದು ಮಧ್ಯಾಹ್ನ. ನರ್ಸುಗಳೆಲ್ಲ ಸುತ್ತ ನಿಂತರು. ಪಟ್ಟಿಯ ಮೇಲಿನ ಸುತ್ತು ಬಿಚ್ಚಿದರು, ಅದು ಬೆಳ್ಳಗಿತ್ತು. ಇನ್ನೊಂದು ಸುತ್ತು ಬಿಚ್ಚಿದರು. ವಾರ್ಡಿನವರೆಲ್ಲ ಮೂಗಿಗೆ ಬಟ್ಟೆ ಹಿಡಿದರು. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಸರ್ಜನ್ ಇಕ್ಕಳ ಹಾಕಿ ಗಾಯದ ಒಳಗಿನಿಂದ ಏನನ್ನೋ ಎಳೆದರು. ಕಪ್ಪಗೆ, ಹಸಿಯಾಗಿ, ಉದ್ದಕ್ಕೆ ಬಂತು. ನಾನು ಅದನ್ನು ನನ್ನ ಮಾಂಸವೇ ಅಂದುಕೊಂಡು ಕಿರುಚಿದೆ.

ಮಾಂಸವಲ್ಲ, ಬಟ್ಟೆ.

"ಇದು ಯಾವಾಗ ಇಟ್ಟದ್ದು?" ಸರ್ಜನ್ ಕೇಳಿದರು. ಅವರು ಇನ್ನೊಮ್ಮೆ ಕೇಳಿದಾಗ ಆ ಗಟ್ಟಿ ನರ್ಸು ಬಾಯಿ ಬಿಟ್ಟಳು. "ಅದು ನಾ ತುಂಬಿದ್ದು ಸರ್. ಮೊದಲನೇ ಡ್ರೆಸ್ಸಿಂಗಿನ್ಯಾಗ."

"ಆಮೇಲೆ ಒಳಗಿಂದು ಯಾರೂ ತೆಗೀಲೇ ಇಲ್ವಾ? ನಿಮಗೆ ವಾಸನೆ ಬರಲಿಲ್ವಾ?"

"ಬಂತ್ರಿ ಸರ್. ಆದ್ರ ನಾ ಕಾಲು ಮುಟ್ಟೋದು ಬ್ಯಾಡ ಅಂದಿದ್ರು ಇವ್ರು. ಅದು ಆಕಿ ಪೇಷಂಟ್."

ಆಗ ಎಲ್ಲರೂ ನಮ್ಮ ಹುಡುಗಿಯ ಕಡೆ ನೋಡಿದರು. ನಾನೂ ನೋಡಿದೆ. ಬೈಗುಳ ಬಿದ್ದರೆ ನಾನೇ ಅಡ್ಡ ಬರಬೇಕು, ಪಾಪ ಸಣ್ಣ ಹುಡುಗಿ ಎಂದು ಆ ಹೊತ್ತಿನಲ್ಲೂ ನನ್ನ ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ. ಆಕೆ ನನ್ನ ಕಡೆ ತಿರುಗಲಿಲ್ಲ. ಸರ್ಜನ್ ಮುಖ ನೋಡಿ ಹೇಳಿದಳು.

"ಪೇಷಂಟ್ ಕೋಆಪರೇಟ್ ಮಾಡ್ಲಿಲ್ಲ ಸರ್. ಒಳಗ ಮುಟ್ಟಾಕ ಬಿಡ್ತಿರ್ಲಿಲ್ಲ."

ನಾನು ಪೇಷಂಟ್ ಆದೆ. ಅಲ್ಲಿಯವರೆಗೆ ಕಾಕಾ ಆಗಿದ್ದವನು. ಅದೂ ಹೋಗಲಿ. ಆಕೆ ಯಾವಾಗ ಒಳಗೆ ಮುಟ್ಟಲು ಬಂದಳು, ನಾನು ಯಾವಾಗ ಬೇಡವೆಂದೆ? ಒಂದು ಸಲ, ಒಂದೇ ಒಂದು ಸಲ "ಕಾಕಾ, ಒಳಗಿನ ಬಟ್ಟಿ ತೆಗೀಬೇಕು, ಜೀವ ಹೋದಂಗ ಆಗ್ತೈತಿ, ತಡ್ಕೊಳ್ರಿ" ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಹೇಳಿದರೆ ಕಾಲನ್ನು ಒಲೆಯಲ್ಲಿ ಇಡುತ್ತಿದ್ದೆ, ಅಷ್ಟು ನಂಬಿಕೆ ಇತ್ತು. ಒಳಗಿನ ಬಟ್ಟೆಯನ್ನು ದಿನಾ ತೆಗೆದು ಬದಲಿಸಬೇಕು ಎಂಬುದೇ ನನಗೆ ತಿಳಿದಿರಲಿಲ್ಲ. ನಾನು ಟಿಕೆಟು ಹರಿದವನು, ನರ್ಸಿಂಗ್ ಕಲಿತವಳು ಆಕೆ.

"ಏನ್ ಸುಳ್ ಹೇಳ್ತೀಲೇ!" ಎಂದು ಕೂಗಿದೆ. ಜೀವಮಾನದಲ್ಲಿ ಆಕೆಯನ್ನು ಲೇ ಎಂದು ಕರೆದದ್ದು ಅದೇ ಮೊದಲು. ಸರ್ಜನ್ ನನ್ನ ಭುಜ ಅದುಮಿ ಮಲಗಿಸಿದರು. ಜಗಳಕ್ಕೆ ಆಗ ಸಮಯವಿರಲಿಲ್ಲ.

ಅದೇ ದಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ಹೆಂಡತಿಗೆ ಹೇಳಿದರಂತೆ. ಅವಳು ಅದನ್ನು ನನಗೆ ಸಮಾಧಾನದ ಮಾತಾಗಿ ತಿಳಿಸಿದಳು. ನನಗೆ ಸಮಾಧಾನವಾಗಲಿಲ್ಲ. ನಡೆಯುವಾಗ ನೆಲವನ್ನು ಒತ್ತಿ ದೇಹವನ್ನು ಮುಂದಕ್ಕೆ ತಳ್ಳುವುದು ಹೆಬ್ಬೆರಳೇ ಎಂದು ಅದು ಹೋದ ಮೇಲೆ ಗೊತ್ತಾಯಿತು. ಅಲುಗುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದವನು ಈಗ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತೇನೆ.

ಇಬ್ಬರ ಮೇಲೂ ಸಿಟ್ಟಿದೆ. ಆ ಗಟ್ಟಿ ನರ್ಸಿನ ಮೇಲೂ ಇದೆ. ಬೇಡ ಅಂದವನು ರೋಗಿ, ಜ್ವರದಲ್ಲಿದ್ದವನು. ವಾಸನೆ ಬಂದಾಗ ಒಂದು ಮಾತು ಡ್ಯೂಟಿ ಡಾಕ್ಟರಿಗೆ ಹೇಳಲು ಅವಳಿಗೆ ಏನಾಗಿತ್ತು? ನನ್ನ ಕಾಲನ್ನು ಕೊಳೆಯಲು ಬಿಟ್ಟು ತನ್ನ ಮಾನ ಕಾಯ್ದುಕೊಂಡಳು. ಆದರೆ ಅವಳಿಂದ ನಾನು ಏನನ್ನೂ ಬಯಸಿರಲಿಲ್ಲ, ಹಾಗಾಗಿ ಆ ಸಿಟ್ಟು ನಿದ್ದೆ ಕೆಡಿಸುವುದಿಲ್ಲ. ನಿದ್ದೆ ಕೆಡಿಸುವುದು ಇನ್ನೊಬ್ಬಳು. ಮೋಸ ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ, ಬಸ್ಸಿನಲ್ಲಿ ದಿನಾ ಕಾಣುತ್ತಿದ್ದೆ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಈಕೆಯ ಮುಖದಲ್ಲಿ ನನಗೆ ಕಂಡದ್ದು ಪ್ರೀತಿ. ಈಗ ನೆನೆಸಿಕೊಂಡರೂ ಪ್ರೀತಿಯೇ ಕಾಣುತ್ತದೆ.

ಮನೆಗೆ ಬಂದ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ಆಕೆ ಕೊಟ್ಟೂರಿಗೆ ಬಂದಳು. ಕೈಯಲ್ಲಿ ಹಣ್ಣಿನ ಚೀಲ. ಹೆಂಡತಿ ಬಾಗಿಲು ತೆಗೆದು ಒಳಗೆ ಬಿಟ್ಟಳು, ನೀರು ಕೊಟ್ಟಳು, ಚಹಾಕ್ಕೆ ಇಡಲಿಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋದವರು ಇಲ್ಲ. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಅಳತೊಡಗಿದಳು. ಕೊನೆಗೆ ನಾನೇ ಕೇಳಿದೆ.

"ಒಳಗಿನ ಬಟ್ಟಿ ಯಾಕ ತೆಗೀಲಿಲ್ಲ? ಮರ್ತಿದ್ದೇನು?"

ಮರೆತೆ ಅನ್ನಲಿ ಎಂದು ಮನಸ್ಸು ಹಾತೊರೆಯಿತು. ಮರೆತೆ ಅಂದಿದ್ದರೆ ಕ್ಷಮಿಸುತ್ತಿದ್ದೆನೇನೋ.

"ಮರ್ತಿರ್ಲಿಲ್ಲ ಕಾಕಾ" ಅಂದಳು. "ಮೊದಲ್ನೇ ದಿನ ತೆಗೀಬೇಕಂತ ಮಾಡಿದ್ದೆ. ನೀವು ಹಲ್ಲು ಕಚ್ಚಿ ಕುಂತಿದ್ರಿ, ನೋಡಿ ಕೈ ಬರ್ಲಿಲ್ಲ. ನಾಳಿ ತೆಗದ್ರಾತು ಅಂತ ಮ್ಯಾಲಿಂದಷ್ಟ ಬದಲಿ ಮಾಡಿದೆ. ನೀವು ಕೈಗುಣ ಅಂದ್ರಿ. ಅಜ್ಜ ಅಂದ್ರು, ಯಜಮಾನ ಡಾಕ್ಟ್ರು ಬೆನ್ನು ತಟ್ಟಿದ್ರು. ಅಲ್ಲೀ ತನಕ ಆ ದವಾಖಾನಿಯಾಗ ನನ್ನ ಯಾರೂ ಒಳ್ಳೇಕಿ ಅಂದಿರ್ಲಿಲ್ಲ ಕಾಕಾ. ಮರುದಿನ ಒಳಗ ಕೈ ಹಾಕಿದ್ರ ನೀವು ಕೂಗ್ತಿದ್ರಿ. ವಾರ್ಡೆಲ್ಲಾ ಕೇಳ್ತಿತ್ತು. ಬಂದ ಹೆಸರು ಹೋಗ್ತಿತ್ತು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ನನಗೆ ಬೈಯಬೇಕೆನ್ನಿಸಿತು. ಏನು ಬೈಯುವುದು? ಬೈಗುಳಕ್ಕೆ ಬೇಕಾದ ಕೆಟ್ಟತನವೂ ಅದರಲ್ಲಿ ಇರಲಿಲ್ಲವಲ್ಲ.

ಆಕೆ ಕಣ್ಣೊರೆಸಿಕೊಂಡು ಚೀಲದಿಂದ ಗಾಜ್ ಕಟ್ಟು, ಔಷಧಿ, ಕೈಗವಸು ತೆಗೆದಳು. ಎಲ್ಲ ತಂದಿದ್ದಳು. "ಇನ್ನ ಮ್ಯಾಲೆ ಮನಿಗೇ ಬಂದು ನಾನ ಡ್ರೆಸ್ಸಿಂಗ್ ಮಾಡ್ತೀನಿ ಕಾಕಾ. ಈ ಸಲ ನೀವು ಎಷ್ಟ್ ಕೂಗಿದ್ರೂ ಬಿಡಂಗಿಲ್ಲ" ಅಂದು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಮುಖವನ್ನು ಒಮ್ಮೆ ನೋಡಿದಳು, ಹೆಂಡತಿಯ ಮುಖವನ್ನು ಒಮ್ಮೆ ನೋಡಿದಳು.

ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಮನಿಗೆ ಬಂದು ಸೇವಾ ಮಾಡಿದ್ಳು ಅಂತ ಇನ್ನೊಂದು ಹೆಸರು ಬೇಕೇನವ್ವಾ ನಿನಗ?" ಅಂದೆ. "ನಡೀ ಇನ್ನ. ಉಳದಷ್ಟ ಕಾಲು ನನಗಿರ್ಲಿ."